ಅಂಜುವ ನಾಯಿಗೆ ಅಭಯ

ನಾಯಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾವಲು. ಕಾಯಬೇಕಾದ ಪ್ರಾಣಿಯೇ ಅಂಜಿದರೆ ನಾವು ನಗುತ್ತೇವೆ, ಇಲ್ಲವೆ ಗದರುತ್ತೇವೆ. ಮೊಳಕಾಲೆತ್ತರವೂ ಇಲ್ಲದ ಜೀವಿಯೊಂದಕ್ಕೆ ಬೀದಿಯ ನಾಯಿಗಳು ಹೇಗೆ ಕಾಣಬಹುದೆಂದು ಬಗ್ಗಿ ನೋಡಿದವರು ವಿರಳ.

ನಮ್ಮ ಮನೆಯ ಬೆಳ್ಳಿ ಅಂಥದೊಂದು ಪುಟ್ಟ ಜೀವಿ. ಒಂದು ಸಂಜೆ ಬೀದಿಯ ಎರಡು ನಾಯಿಗಳು ಅದನ್ನು ಅಟ್ಟಿಸಿಕೊಂಡು ಬಂದವು. ಮೈಗೆ ಗಾಯವೇನೂ ಆಗಲಿಲ್ಲ. ಆದರೆ ಅಂದಿನಿಂದ ಅದು ಹೊಸ್ತಿಲು ದಾಟಲೊಲ್ಲದಾಯಿತು. ದೂರದ ಬೊಗಳುವಿಕೆ ಕೇಳಿದರೂ ಮಂಚದಡಿ ಸೇರಿ ನಡುಗುತ್ತಿತ್ತು. ಅದರ ಉಳಿದ ಆಯುಷ್ಯವೆಲ್ಲ ಆ ಮಂಚದ ಕೆಳಗೇ ಸವೆಯುವುದೇನೋ ಎಂದು ನಮಗೆ ಕಳವಳವಾಯಿತು. "ನಾಲ್ಕು ನಾಯಿಗಳ ನಡುವೆ ಬಿಟ್ಟುಬಿಡಿ ಸ್ವಾಮಿ, ತಾನೇ ಸರಿಹೋಗುತ್ತದೆ" ಎಂದರು ನೆರೆಮನೆಯ ಹಿರಿಯರು. ಅಂಜಿದವನ ಮೇಲೆ ಕಪ್ಪೆ ಎಸೆದಂಥ ಆ ಚಿಕಿತ್ಸೆಗೆ ನಾನು ಒಪ್ಪಲಿಲ್ಲ.

ಒಪ್ಪದಿರಲು ಆಧಾರವಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂಬ ಮಗುವಿನ ವೃತ್ತಾಂತವನ್ನು ಪ್ರಕಟಿಸಿದರು. ಮೊಲವನ್ನು ಕಂಡರೆ ಆ ಮಗುವಿಗೆ ಭಯ. ಅದು ತನ್ನ ಮೆಚ್ಚಿನ ತಿನಿಸನ್ನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿರಿಸಿ, ಕ್ರಮೇಣ ಹತ್ತಿರಕ್ಕೆ ತಂದರು. ಕಡೆಗೆ ಪೀಟರ್ ಮೊಲವನ್ನು ಮುಟ್ಟಿ ಆಡತೊಡಗಿದ. ಅಲ್ಲಿ ಮದ್ದಾದುದು ತಿನಿಸೊಂದೇ ಅಲ್ಲ, ದೂರವೂ ಹೌದು.

ನಾಯಿಗೂ ಇದೇ ಕ್ರಮ ಒಗ್ಗುತ್ತದೆ. ಪರಿಚಿತರೊಬ್ಬರ ಮನೆಯಲ್ಲಿ ಸಾಧುವಾದ ಮುದಿ ನಾಯಿಯೊಂದಿತ್ತು. ಬಯಲಿನ ಆಚೆ ತುದಿಯಲ್ಲಿ ಅವರು ಅದನ್ನು ಹಿಡಿದು ನಿಲ್ಲುವರು. ಈಚೆ ತುದಿಯಲ್ಲಿ ನಾನು ಮತ್ತು ಬೆಳ್ಳಿ. ಆ ನಾಯಿ ಕಣ್ಣಿಗೆ ಬಿದ್ದ ಮೇಲೆಯೇ ಬೇಯಿಸಿದ ಮೊಟ್ಟೆಯ ಚೂರು. ಅದು ಮರೆಯಾದರೆ ಮೊಟ್ಟೆಯೂ ಇಲ್ಲ. ಈ ಅನುಕ್ರಮವೇ ಮುಖ್ಯ. ತಿನಿಸು ಮೊದಲು ಬಂದರೆ ಅದೇ ಭಯದ ಮುನ್ಸೂಚನೆಯಾದೀತು.

ಎಷ್ಟು ದೂರ ನಿಲ್ಲಬೇಕೆಂಬುದನ್ನು ನಾಯಿಯೇ ತಿಳಿಸುತ್ತದೆ. ಬಾಲ ಕಾಲ ನಡುವೆ ಸೇರುವುದು, ಕಿವಿ ಹಿಂದಕ್ಕೆ ಮಡಿಯುವುದು, ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಇವೆಲ್ಲ ಅದರ ಭಾಷೆ. ಮೆಚ್ಚಿನ ತಿನಿಸನ್ನೂ ಒಲ್ಲೆನೆಂದರೆ ನಾವು ತೀರ ಸಮೀಪ ಬಂದಿದ್ದೇವೆಂದೇ ಅರ್ಥ, ಹಿಂದೆ ಸರಿಯಬೇಕು. ಕೊರಳಿಗೆ ಬಿಗಿಯುವ ಪಟ್ಟಿಗಿಂತ ಎದೆಯನ್ನು ಸುತ್ತುವ ಪಟ್ಟಿ ಮೇಲು, ಹಗ್ಗ ಸಡಿಲವಾಗಿರಬೇಕು. ಹಗ್ಗ ಬಿಗಿದೊಡನೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತೆಂದು ಪ್ರಾಣಿ ತಿಳಿಯುತ್ತದೆ. ಹೆದರಿ ಬಳಿಗೆ ಬಂದ ನಾಯಿಯನ್ನು ಸಂತೈಸಿದರೆ ಅಂಜಿಕೆ ಬಲಿಯುತ್ತದೆಂಬ ಮಾತೊಂದುಂಟು. ಅದು ಸಲ್ಲದು. ಭಯವೆಂಬುದು ಭಾವ, ಬಹುಮಾನಕ್ಕಾಗಿ ಹೂಡುವ ಆಟವಲ್ಲ.

ತಿಂಗಳುಗಳು ಕಳೆದವು. ಒಂದು ವಾರ ಹತ್ತು ಹೆಜ್ಜೆ ಮುಂದಾದರೆ, ಮರುವಾರ ಐದು ಹೆಜ್ಜೆ ಹಿಂದೆ. ಬೆಳ್ಳಿ ಶೂರನಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಎಲ್ಲ ನಾಯಿಗಳೊಡನೆ ಸ್ನೇಹ ಬೆಳೆಸಬೇಕೆಂಬ ನಿಯಮವನ್ನು ನಾವು ಮನುಷ್ಯರೇ ಪಾಲಿಸುತ್ತಿಲ್ಲವಷ್ಟೆ! ಈಗ ಅದು ನಮ್ಮೊಡನೆ ಬೀದಿಗೆ ಬರುತ್ತದೆ. ಎದುರು ಬದಿಯಲ್ಲಿ ನಾಯಿ ಕಂಡರೆ ಅರೆಗಳಿಗೆ ನಿಂತು ನೋಡುತ್ತದೆ. ಬಳಿಕ ಕತ್ತೆತ್ತಿ ನನ್ನ ಕಡೆ ನೋಡುತ್ತದೆ. ಧೈರ್ಯವನ್ನು ಯಾರಿಗೂ ಆಜ್ಞಾಪಿಸಿ ಕೊಡಲಾಗದು. ಹಿಂದೆ ಸರಿಯುವ ದಾರಿ ತೆರೆದಿದೆಯೆಂಬ ನಂಬಿಕೆಯನ್ನು ಕೊಡಬಹುದು. ಮುಂದಿನ ಹೆಜ್ಜೆಯನ್ನು ಅದು ತಾನಾಗಿಯೇ ಇಡುತ್ತದೆ.