ಕೊಳ ಹೇಗೋ, ಸಿಗಡಿಯ ಕರುಳೂ ಹಾಗೆ

ಸಿಗಡಿ ಸುಲಿಯುವವರು ಬೆನ್ನು ಸೀಳಿ ಕಪ್ಪು ದಾರವೊಂದನ್ನು ಎಳೆದು ಬಿಸಾಡುತ್ತಾರೆ. ಅದು ನರವಲ್ಲ, ಕರುಳು. ಸಿಗಡಿ ಸಾಕುವವರ ಲಾಭ-ನಷ್ಟದ ಮುನ್ಸೂಚನೆ ಸಿಗುವುದು ಅಲ್ಲಿಯೇ. ತೀನಿ ಇಟ್ಟು ಕೊಳದಲ್ಲಿ ಇಳಿಬಿಟ್ಟ ಚೆಕ್ ಟ್ರೇ ಮೇಲೆತ್ತಿ, ಅದರಲ್ಲಿ ಬಂದ ಸಿಗಡಿಗಳ ಆ ದಾರ ತುಂಬಿಕೊಂಡಿದೆಯೇ, ನಡುನಡುವೆ ಕಡಿದಿದೆಯೇ, ಬಿಳಿಚಿದೆಯೇ ಎಂದು ಅವರು ದಿನವೂ ನೋಡುತ್ತಾರೆ. ನೀರಿನ ಮೇಲೆ ಬಿಳಿ ಹಿಕ್ಕೆಯ ಎಳೆಗಳು ತೇಲತೊಡಗಿದರೆ ಮದ್ದಿನ ಹುಡುಕಾಟ ಶುರುವಾಗುತ್ತದೆ. ಆದರೆ ಮೊದಲು ಆರೈಕೆ ಬೇಕಿರುವುದು ಕೊಳಕ್ಕೆ. ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ನೆಲೆಯೂರುತ್ತವೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಸಿಗಡಿ ಬೆಳೆಯುವ ಪರಿಸರ.

ಇದಕ್ಕೆ ಕಾರಣ ಸಿಗಡಿಯ ದೇಹರಚನೆಯಲ್ಲೇ ಇದೆ. ಮೊಟ್ಟೆಯೊಡೆದ ಮರಿ ಮೊದಲಿಗೆ ಏನನ್ನೂ ತಿನ್ನದೆ, ಒಡಲಲ್ಲಿರುವ ಭಂಡಾರದ ಮೇಲೆಯೇ ಬದುಕುತ್ತದೆ. ತಿನ್ನಲು ಶುರು ಮಾಡಿದಾಗ ಹ್ಯಾಚರಿಯ ನೀರಿನಲ್ಲಿರುವ ಬ್ಯಾಕ್ಟೀರಿಯಾ ಆಹಾರದ ಜೊತೆಗೆ ಒಳಸೇರುತ್ತವೆ. ಕೊಳಕ್ಕೆ ಬಂದ ಮೇಲೆ ತಳದಲ್ಲೇ ಅದರ ಓಡಾಟ; ತೀನಿಯ ಜೊತೆಗೆ ಕೆಸರು, ಸತ್ತ ಪಾಚಿ, ಕಳಚಿದ ಚಿಪ್ಪು ಎಲ್ಲವೂ ಹೊಟ್ಟೆ ಸೇರುತ್ತವೆ. ಪೊರೆ ಕಳಚುವಾಗ ಹೊರಚಿಪ್ಪಿನೊಂದಿಗೆ ಜಠರದ ಮತ್ತು ಹಿಂಗರುಳಿನ ಒಳಪದರವೂ ಕಳಚಿ ಬೀಳುತ್ತದೆ, ಅದಕ್ಕಂಟಿದ್ದ ಸೂಕ್ಷ್ಮಜೀವಿಗಳೂ ಹೋಗುತ್ತವೆ. ಆ ಜಾಗ ಮತ್ತೆ ತುಂಬುವುದರಲ್ಲಿ ಸುತ್ತಲಿನ ನೀರು, ಕೆಸರು, ತೀನಿಗಳ ಪಾಲು ದೊಡ್ಡದು.

ಕರುಳೆಂದರೆ ಕೊಳದ ನೀರಿನ ನಕಲೇ, ಪ್ರಾಣಿಗೆ ತನ್ನದೇ ಆಯ್ಕೆ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಜೀರ್ಣರಸ, ಆಮ್ಲಜನಕದ ಕೊರತೆ, ವಯಸ್ಸು, ತಳಿ ಎಲ್ಲವೂ ಕೆಲವು ಬ್ಯಾಕ್ಟೀರಿಯಾಗಳಿಗೆ ಅನುಕೂಲ, ಕೆಲವಕ್ಕೆ ಪ್ರತಿಕೂಲ. ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಗುಂಪು ನೀರಿನಲ್ಲಿ ಅಲ್ಪಸಂಖ್ಯೆಯಲ್ಲಿದ್ದರೂ ಕರುಳಿನಲ್ಲಿ ಮೇಲುಗೈ ಪಡೆಯಬಲ್ಲದು. ಆದರೆ ಕರುಳು ಆರಿಸಿಕೊಳ್ಳುವುದು ಒಳಗೆ ಬಂದದ್ದರಲ್ಲಿ ಮಾತ್ರ. ಇದಕ್ಕೆ ಬಯೋಫ್ಲಾಕ್ ಪದ್ಧತಿ ಒಳ್ಳೆಯ ನಿದರ್ಶನ. ಇಸ್ರೇಲಿನ ಯೋರಾಮ್ ಅವ್ನಿಮೆಲೆಕ್ ಬೆಳೆಸಿದ ಈ ಪದ್ಧತಿಯಲ್ಲಿ ನೀರಿಗೆ ಕಾಕಂಬಿಯಂಥ ಇಂಗಾಲದ ಮೂಲವನ್ನು ಬೆರೆಸಿ ಏರೇಟರ್‌ನಿಂದ ಗಾಳಿ ಊದುತ್ತಾರೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ಹೀರಿ ಬೆಳೆದು, ಹಿಂಡುಗಟ್ಟಿ, ಸಿಗಡಿಗೆ ಆಹಾರವಾಗುತ್ತವೆ. ಹೀಗೆ ಬೆಳೆದ ವನ್ನಾಮಿ ಸಿಗಡಿಯ ಕರುಳಿನ ಬ್ಯಾಕ್ಟೀರಿಯಾ ಸಮುದಾಯ, ತಿಳಿನೀರಿನಲ್ಲಿ ಬೆಳೆದ ಸಿಗಡಿಯದಕ್ಕಿಂತ ಬೇರೆಯಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಹಾಗಿದ್ದರೆ ಬ್ಲೀಚಿಂಗ್ ಪುಡಿ ಹಾಕಿ ಎಲ್ಲ ಬ್ಯಾಕ್ಟೀರಿಯಾ ಕೊಂದುಬಿಟ್ಟರಾಯಿತಲ್ಲ ಎಂಬುದು ಇನ್ನೊಂದು ವಾದ. 2009ರ ಸುಮಾರಿಗೆ ಚೀನಾದಲ್ಲಿ ಕಾಣಿಸಿಕೊಂಡು ವಿಯೆಟ್ನಾಂ, ಥಾಯ್ಲೆಂಡ್‌ಗಳಿಗೆ ಹರಡಿದ ರೋಗವೊಂದು ಈ ವಾದವನ್ನು ಪರೀಕ್ಷೆಗೊಡ್ಡಿತು. ಮರಿ ಬಿಟ್ಟ ಮೊದಲ ತಿಂಗಳಲ್ಲೇ ಕೊಳಗಳು ಬರಿದಾದವು. 2013ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ತಂಡ ಕಾರಣವನ್ನು ಪತ್ತೆಹಚ್ಚಿತು: ಜಠರದಲ್ಲಿ ನೆಲೆಸಿ, ವಿಷ ಸ್ರವಿಸಿ ಜೀರ್ಣಗ್ರಂಥಿಯನ್ನು ಹಾಳುಮಾಡುವ ಒಂದು ವಿಬ್ರಿಯೊ. ಮರುವರ್ಷ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಕೊಳವನ್ನು ಪೂರ್ತಿ ನಿರ್ಜೀವಗೊಳಿಸುವ ರೂಢಿಯೇ ಇಂಥ ರೋಗಕ್ಕೆ ದಾರಿ ಮಾಡಿಕೊಡಬಹುದು ಎಂದು ವಾದಿಸಿದರು. ಬಯಲಾದ ಗದ್ದೆಯಲ್ಲಿ ಮೊದಲು ಚಿಗುರುವುದು ಕಳೆ; ನಿರ್ಜೀವಗೊಂಡ ನೀರಿನಲ್ಲಿ ತೀನಿಯ ಪೋಷಕಾಂಶ ಸಿಕ್ಕೊಡನೆ ಹೆಚ್ಚುವುದು ವೇಗವಾಗಿ ಬೆಳೆಯುವ ವಿಬ್ರಿಯೊಗಳೇ. ಪೈಪೋಟಿಗೆ ಬೇರೆ ಜೀವಿಗಳು ಇಲ್ಲದಿರುವುದೇ ಅವುಗಳ ಬಲ.

ಬಿಳಿಚುಕ್ಕೆ ರೋಗದಂಥ ವೈರಸ್ ಬಾಧೆಗೆ ಈ ಮಾತನ್ನು ಹಾಗೆಯೇ ಅನ್ವಯಿಸಲಾಗದು. ರೋಗಮುಕ್ತ ಮರಿ, ಶುದ್ಧೀಕರಣ, ಕಟ್ಟೆಚ್ಚರ ಅಲ್ಲಿ ಬೇಕೇ ಬೇಕು. ಉಪಕಾರಿ ಬ್ಯಾಕ್ಟೀರಿಯಾಗಳಿರುವ ಪ್ರೊಬಯಾಟಿಕ್ ಕೂಡ ನಿಷ್ಪ್ರಯೋಜಕವಲ್ಲ. ಆದರೆ ತಳದಲ್ಲಿ ಕೊಳೆತ ತೀನಿಯ ಕಪ್ಪು ಕೆಸರನ್ನು ಹಾಗೇ ಬಿಟ್ಟು ಬಾಟಲಿ ಸುರಿದರೆ, ಹೊರಗಿಂದ ಬಂದ ಬ್ಯಾಕ್ಟೀರಿಯಾ ನೆಲೆಯೂರುವುದು ಕಷ್ಟ. ಕುಮಟಾ, ಕುಂದಾಪುರದ ಕಡೆಯ ಸಿಗಡಿ ಕೃಷಿಕರಿಗೂ ಇದು ಮುಖ್ಯ. ನೀರು ಹದಕ್ಕೆ ಬರುವವರೆಗೆ ಮರಿ ಬಿಡಬೇಡಿ, ಟ್ರೇಯಲ್ಲಿ ಉಳಿದದ್ದನ್ನು ನೋಡಿ ತೀನಿ ಹಾಕಿ, ತಳದ ಕೆಸರು ತೆಗೆಸಿ. ಮೀನುಗಾರಿಕೆ ಇಲಾಖೆಯೂ ಸತ್ತ ಸಿಗಡಿಯ ಜೊತೆಗೆ ಕೊಳದ ನೀರು, ಕೆಸರುಗಳನ್ನೂ ಪರೀಕ್ಷಿಸುವ ವ್ಯವಸ್ಥೆ ಮಾಡಲಿ. ಸಿಗಡಿ ಸಾಕುವುದೆಂದರೆ ಮೊದಲು ಕೊಳ ಸಾಕುವುದು.