ಹದಿನಾಲ್ಕರ ಹರೆಯಕ್ಕೆ ಯಾವ ಕಪಾಟು?

ನಮ್ಮ ಊರುಗಳ ಶಾಖಾ ಗ್ರಂಥಾಲಯಗಳಲ್ಲಿ ಸದಾ ತುಂಬಿರುವುದು ಎರಡೇ ಜಾಗ. ಬಾಗಿಲ ಹತ್ತಿರದ ಪತ್ರಿಕೆಗಳ ಮೇಜು ಒಂದು. ಅಲ್ಲಿ ನಿವೃತ್ತರು ಒಂದೇ ಪತ್ರಿಕೆಯ ಹಾಳೆಗಳನ್ನು ಪಾಲು ಮಾಡಿಕೊಂಡು ಓದುತ್ತಾರೆ. ಇನ್ನೊಂದು, ಒಳಗಿನ ಸಾಲು ಕುರ್ಚಿಗಳು. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ತಯಾರಾಗುವವರು ಆ ಕುರ್ಚಿಗಾಗಿ ಬಾಗಿಲು ತೆರೆಯುವ ಮೊದಲೇ ಬಂದು ಕಾಯುತ್ತಾರೆ. ಮೂಲೆಯಲ್ಲಿ ಮಕ್ಕಳ ಕಪಾಟು ಇದೆ: ಪಂಚತಂತ್ರ, ತೆನಾಲಿ ರಾಮ, ಅಕ್ಬರ್-ಬೀರಬಲ್, ಒಂದಿಷ್ಟು ಶಿಶುಗೀತೆ. ಒಂಬತ್ತನೇ ತರಗತಿಯ ಹುಡುಗಿ ಒಳಗೆ ಬಂದರೆ ಎಲ್ಲಿ ನಿಲ್ಲಬೇಕು? ತೆನಾಲಿ ರಾಮನನ್ನು ಅವಳು ಐದನೇ ತರಗತಿಯಲ್ಲೇ ಮುಗಿಸಿದ್ದಾಳೆ. ಸಾಮಾನ್ಯ ಜ್ಞಾನದ ಗೈಡು ಹಿಡಿಯಲು ಇನ್ನೂ ವರ್ಷಗಳಿವೆ.

ಹಿಂದೆ ಈ ವಯಸ್ಸಿನವರನ್ನು ಸಾಕಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳು. ಬಾಡಿಗೆಗೆ ತಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸಮಾಜ ಪಾಠದ ಪುಸ್ತಕದೊಳಗೆ ಅಡಗಿಸಿಟ್ಟು ಓದಿದ ತಲೆಮಾರುಗಳಿವೆ. ತಾವೇ ನಾಲ್ಕನೇ ತರಗತಿಯಾಚೆ ಓದದ ಆ ಲೇಖಕರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಆಮೇಲೆ ಯಂಡಮೂರಿ ಬಂದರು. ಮನೆಯಲ್ಲಿ ಬೈದರು, ಮೇಷ್ಟ್ರು ಕಿತ್ತುಕೊಂಡರು, ಓದು ನಿಲ್ಲಲಿಲ್ಲ. ಮುಂದೆ ಕಾರಂತ, ಭೈರಪ್ಪನವರನ್ನು ಕೈಗೆತ್ತಿಕೊಂಡ ಬಹಳಷ್ಟು ಮಂದಿ ಈ ಕಳ್ಳ ಓದಿನಲ್ಲೇ ಪಳಗಿದವರು ಎಂಬುದು ನನ್ನ ಗುಮಾನಿ. ರಾಜಮಾರ್ಗದ ಪುಸ್ತಕಗಳೂ ಇದ್ದವು. ಕಾರಂತರ ‘ಬಾಲಪ್ರಪಂಚ’, ನಿರಂಜನ ಸಂಪಾದಿಸಿದ ‘ಜ್ಞಾನ ಗಂಗೋತ್ರಿ’, ಒಂದು ಸಂಜೆಗೊಂದರಂತೆ ಮುಗಿಯುತ್ತಿದ್ದ ಭಾರತ-ಭಾರತಿಯ 510 ಪುಟ್ಟ ಪುಸ್ತಕಗಳು. ಆ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಈಗ ಹೆಚ್ಚುಕಡಿಮೆ ಮುಚ್ಚಿವೆ. ಆ ಕೆಲಸ ಸರ್ಕಾರಿ ಗ್ರಂಥಾಲಯದ ತಲೆಗೆ ಬಂದಿದೆ.

ಹೊಸದು ಬರುತ್ತಿಲ್ಲವೇ ಎಂದರೆ, ಬರುತ್ತಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿಯನ್ನೇ ನೋಡಿ. ಮೊದಲ ವರ್ಷ ಬೊಳುವಾರು ಮಹಮದ್ ಕುಂಞಿ ಅವರ ಗಾಂಧಿ ಕಥನ. ಇತ್ತೀಚೆಗೆ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ರಾಜಕುಮಾರ, ರಾಕ್ಷಸರನ್ನು ಬಿಟ್ಟು ಇಂದಿನ ಹಳ್ಳಿ, ಶಾಲೆ, ಕಾಡಿನಂಚಿಗೆ ಕಥೆಯನ್ನು ತಂದ ಲೇಖಕರು ಇವರು. ಹನ್ನೊಂದು, ಹನ್ನೆರಡರ ಮಕ್ಕಳಿಗೆ ಇವು ಸರಿಯಾಗಿ ಹೊಂದುತ್ತವೆ.

ಹದಿನೈದರ ಹೊತ್ತಿಗೆ ಹಸಿವೇ ಬೇರೆ. ಅದಕ್ಕೆ ದೊಡ್ಡವರ ಕಪಾಟಿನಿಂದಲೇ ಪುಸ್ತಕ ಆರಿಸಿ ತರಬೇಕು. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಕಿಶೋರರಿಗೆಂದು ಬರೆದದ್ದಲ್ಲ. ಆದರೆ ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ, ಜೇನು ಕೀಳುವುದರಲ್ಲಿ ನಿಸ್ಸೀಮನಾದ, ಮದುವೆಯ ಹಂಬಲದ ಮಂದಣ್ಣ, ಕಿವಿ ಎಂಬ ನಾಯಿ, ಕೊನೆಗೆ ಆ ಕಡಿದಾದ ಬೆಟ್ಟ, ಇದಕ್ಕಿಂತ ಚೆನ್ನಾಗಿ ಹದಿಹರೆಯವನ್ನು ಹಿಡಿದು ಕೂರಿಸುವ ಸಾಮಗ್ರಿ ಇನ್ನೇನಿದೆ? ಊರಿನವರು ದಡ್ಡನೆಂದು ತಳ್ಳಿದವನೇ ವಿಜ್ಞಾನಿಯ ಕಣ್ಣಿಗೆ ಅಮೂಲ್ಯನಾಗಿ ಕಾಣುತ್ತಾನೆ. ತರಗತಿಯ ಹಿಂದಿನ ಬೆಂಚಿನವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಪುಸ್ತಕವೆಂದರೆ ಮಾರು ದೂರ ಓಡುವ ಹುಡುಗರನ್ನೂ ಕಟ್ಟಿಹಾಕುತ್ತವೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ ತೆಳುವಾದ ಪುಸ್ತಕ. ನಗಿಸುತ್ತಲೇ ಜಾತಿಯ ಗಾಯ ತೋರಿಸುತ್ತದೆ. ಬೆಂಗಳೂರಿಗೆ ಬಂದು ಸೇರಿದ ಯಹೂದಿ ಹುಡುಗಿಯ ಕಥೆ ಹೇಳುವ ನೇಮಿಚಂದ್ರರ ‘ಯಾದ್ ವಶೇಮ್’ ಓದಿದ ಮೇಲೆ ಇತಿಹಾಸದ ಪಾಠದಲ್ಲಿ ಹಿಟ್ಲರ್ ಬರೀ ಐದು ಅಂಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ದಪ್ಪ ಪುಸ್ತಕಕ್ಕೆ ಹೆದರದವರಿಗೆ ಲಿಸ್ಬನ್ನಿನಿಂದ ವಿಜಯನಗರದವರೆಗೆ ಸುತ್ತಿಸುವ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಇದೆ.

ಇನ್ನೊಂದು ಬಗೆಯ ಪುಸ್ತಕವಿದೆ, ಕೇಳಿ ಪಡೆಯಲು ನಾಚಿಕೆಯಾಗುವಂಥದ್ದು. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ಬೆಳೆಯುವ ಹುಡುಗಿಯರಿಗಾಗಿಯೇ ‘ಕೇಳು ಕಿಶೋರಿ’ ಬರೆದರು. ಅಂಥ ಪುಸ್ತಕ ಬೀಗ ಹಾಕಿದ ಗಾಜಿನ ಬೀರುವಿನಲ್ಲಿದ್ದರೆ ಇಲ್ಲದ ಹಾಗೆಯೇ. ಮೇಜಿನ ಹಿಂದೆ ಕೂತ ಪರಿಚಯದ ಮಾವನ ಹತ್ತಿರ ಹೋಗಿ ‘ಅದನ್ನು ತೆಗೆದುಕೊಡಿ’ ಎನ್ನಲು ಯಾವ ಹುಡುಗಿಗೆ ಬಾಯಿ ಬಂದೀತು?

ಹೊಸ ಪುಸ್ತಕ ಕಪಾಟಿಗೆ ಬರುವ ದಾರಿಯೂ ನೇರವಾಗಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಆ ಹಣ ಇಲಾಖೆಯ ಕೈ ಸೇರುವುದು ತಡವಾಗುತ್ತದೆ ಎಂಬ ದೂರು ಹಳೆಯದು. ಪುಸ್ತಕವನ್ನು ಪ್ರಕಾಶಕರು ನೋಂದಾಯಿಸಬೇಕು, ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ಒಪ್ಪಬೇಕು. ಬೆಲೆ ನಿಗದಿಯಾಗುವುದು ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ. ಚಿತ್ರಕಾರ ತಿಂಗಳುಗಟ್ಟಲೆ ಕೂತು ಬರೆದ ಒಂದು ಪುಟವೂ ಆ ಲೆಕ್ಕದಲ್ಲಿ ಪುಟವೇ. ಹೀಗಿರುವಾಗ ಹದಿಹರೆಯದವರು ಮುಗಿಬಿದ್ದು ಓದುವ ಚಿತ್ರಕಾದಂಬರಿಗೆ ಕೈಹಾಕುವ ಧೈರ್ಯ ಯಾವ ಪ್ರಕಾಶಕನಿಗಿದೆ? ಇಲಾಖೆ ಕೊಳ್ಳುವುದೆಷ್ಟು ಎಂದರೆ, ಪ್ರಕಾಶಕರ ಬಾಯಲ್ಲಿ ಸದಾ ಕೇಳುವ ಸಂಖ್ಯೆ 300 ಪ್ರತಿ. ಅಷ್ಟನ್ನು ರಾಜ್ಯಕ್ಕೆಲ್ಲ ಹಂಚಿದರೆ ಶಾಖೆಗಳಿಗೆ ಎಷ್ಟು ದಕ್ಕೀತು? ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಪುಸ್ತಕಕ್ಕೆ ಒಂದೆರಡು ವರ್ಷವಾಗಿರುತ್ತದೆ. ದೊಡ್ಡವರಿಗೆ ಅದು ನಷ್ಟವಲ್ಲ. ಆದರೆ ಹದಿಮೂರರ ಹುಡುಗ ಅಷ್ಟರಲ್ಲಿ ಹದಿನೈದಾಗಿ, ಎಸ್ಸೆಸ್ಸೆಲ್ಸಿ ಟ್ಯೂಷನ್ನಿಗೆ ಸೇರಿರುತ್ತಾನೆ.

ಹಳ್ಳಿಗಳ ಕಡೆ ಮಾತ್ರ ಬೇರೆ ಗಾಳಿ ಬೀಸಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಆರರಿಂದ ಹದಿನೆಂಟು ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವು ‘ಅರಿವು ಕೇಂದ್ರ’. ಬಣ್ಣ ಬಳಿದ ಗೋಡೆ, ಕಂಪ್ಯೂಟರ್, ಗಟ್ಟಿ ಓದು, ಚೆಸ್ ಬೋರ್ಡು ಎಲ್ಲ ಬಂದಿವೆ. ದಾನಿಗಳಿಂದ ಪುಸ್ತಕ ಪಡೆಯಲು ‘ಪುಸ್ತಕ ಜೋಳಿಗೆ’ಯೂ ಹೊರಟಿತು. ಒಳ್ಳೆಯ ಯೋಚನೆಯೇ. ಆದರೆ ದಾನಕ್ಕೆ ಬರುವುದು ಸಾಮಾನ್ಯವಾಗಿ ಮನೆಯವರಿಗೆ ಬೇಡವಾದ ಪುಸ್ತಕ: ಹಳೇ ಪಠ್ಯಕ್ರಮದ ಗೈಡು, ಅಭಿನಂದನ ಗ್ರಂಥ, ಪ್ರವಚನ ಸಂಗ್ರಹ. ಅಭಿನಂದನ ಗ್ರಂಥ ಓದಿ ಪುಸ್ತಕದ ಹುಚ್ಚು ಹಿಡಿಸಿಕೊಂಡ ಹುಡುಗನನ್ನು ನಾನಂತೂ ಕಂಡಿಲ್ಲ.

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬ ಸೂತ್ರ ಕೊಟ್ಟರು. ಬಾಳಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲೇ. ಆ ಸೂತ್ರ ಪಾಲಿಸಲು ದೊಡ್ಡ ಅನುದಾನವೇನೂ ಬೇಡ. ಮೇಲ್ವಿಚಾರಕರು ಮನಸ್ಸು ಮಾಡಿ ಒಂದು ಕಪಾಟು ಖಾಲಿ ಮಾಡಿದರೆ ಸಾಕು. ಮಕ್ಕಳ ಚಾಪೆಯಿಂದ ಅದು ದೂರವಿರಲಿ, ಪುಟಾಣಿಗಳ ಪಕ್ಕ ಕೂರಲು ಹದಿನಾಲ್ಕರವರಿಗೆ ಅವಮಾನ. ಪುಸ್ತಕಗಳ ಬೆನ್ನಿನ ಬದಲು ಮುಖಪುಟ ಕಾಣಲಿ. ಏನು ಓದುತ್ತಿದ್ದೀಯಾ ಎಂದು ಯಾರೂ ಇಣುಕದಿರಲಿ. ಎರಡು ಅಧ್ಯಾಯ ಓದಿ ಬಿಟ್ಟರೂ ಬಿಡಲಿ, ಅದೂ ಓದೇ.

ಆಯ್ಕೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಎಲ್ಲ ಪುಸ್ತಕವನ್ನೂ ಆರಿಸುವವರು ಹಿರಿಯರೇ. ಹದಿಹರೆಯದವರ ಪುಸ್ತಕಕ್ಕೆಂದೇ ಪ್ರತಿ ಜಿಲ್ಲೆಯಲ್ಲೊಂದು ಉಪಸಮಿತಿ ಮಾಡಿ, ಅದರಲ್ಲಿ ನಾಲ್ಕು ಜನ ಪ್ರೌಢಶಾಲೆಯ ಹುಡುಗ ಹುಡುಗಿಯರನ್ನು ಕೂರಿಸಿದರೆ ಕಾಯ್ದೆಗೇನೂ ಧಕ್ಕೆಯಾಗದು. ಭತ್ಯೆ ಕೊಡಬೇಕಿಲ್ಲ, ಓದಲು ಪುಸ್ತಕ ಕೊಟ್ಟರಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಅವರಿಗೆ ಬೇರೆ ಕೆಲಸವಿರುವುದಿಲ್ಲ; ಸಭೆಯನ್ನು ಆಗಲೇ ಇಟ್ಟುಕೊಳ್ಳಬಹುದು.