ಸರಿಯೋ ಬೆಸವೋ?

ಹುಣಸೆಬೀಜಗಳನ್ನು ಮುಷ್ಟಿಯಲ್ಲಿ ಅಡಗಿಸಿ ‘ಸರಿಯೋ ಬೆಸವೋ?’ ಎಂದು ಕೇಳುವ ಆಟವನ್ನು ಚಿಕ್ಕಂದಿನಲ್ಲಿ ಆಡದ ಕನ್ನಡಿಗರು ವಿರಳ. ಊರಿನ ಜಗಲಿಯನ್ನು ಬಿಟ್ಟು ಆಂಟಾಪ್ ಹಿಲ್ಲಿನ ಸರಕಾರಿ ವಸತಿಗಳಿಗೆ ಬಂದು ನೆಲೆಸಿದ ನಾವು, ಮಳೆಗಾಲದ ಸಂಜೆ ಮಕ್ಕಳ ಗಲಾಟೆ ಮಿತಿಮೀರಿದಾಗ ಅವರ ಕೈಗೆ ಕೊಡುವುದು ಇದೇ ಆಟವನ್ನು. ಖರ್ಚಿಲ್ಲದ ಈ ಆಟದೊಳಗೆ ದೊಡ್ಡದೊಂದು ಗಣಿತವಿದೆಯೆಂದರೆ ವಾಚಕರು ನಕ್ಕಾರು. ಆದರೂ ಅದು ನಿಜ.

ಮುಷ್ಟಿ ಹಿಡಿದವನು ಸದಾ ಸರಿಸಂಖ್ಯೆಯನ್ನೇ ಹಿಡಿದರೆ ಎದುರಿನವನು ಬೇಗನೆ ಗುಟ್ಟು ತಿಳಿಯುತ್ತಾನೆ. ಒಮ್ಮೆ ಸರಿ, ಒಮ್ಮೆ ಬೆಸ ಎಂದು ಸರದಿ ಇಟ್ಟರೂ ಅದೇ ಪಾಡು. ಒಟ್ಟಿನಲ್ಲಿ ಅರ್ಧಕ್ಕರ್ಧ, ಆದರೆ ಯಾವಾಗ ಯಾವುದೆಂದು ತನಗೇ ತಿಳಿಯದಂತೆ ಹಿಡಿಯುವುದೊಂದೇ ಉಪಾಯ. ಹೇಳುವವನಿಗೂ ಅದೇ ದಾರಿ. ಹೀಗೆ ಇಬ್ಬರಲ್ಲಿ ಯಾರೊಬ್ಬರೂ ತಾವೊಬ್ಬರೇ ಬದಲಾಯಿಸಿಕೊಂಡು ಹೆಚ್ಚು ಗಳಿಸಲಾರದ ನಿಲುವಿಗೆ ಸಮತೋಲವೆಂದು ಹೆಸರು. ಒಬ್ಬನ ಗಳಿಕೆಯೇ ಇನ್ನೊಬ್ಬನ ನಷ್ಟವಾಗುವ ಇಬ್ಬರ ಆಟಗಳಲ್ಲಿ ಇಂಥ ನಿಲುವು ಇದ್ದೇ ಇರುತ್ತದೆಂದು 1928ರಲ್ಲಿ ಜಾನ್ ಫಾನ್ ನಾಯ್‌ಮನ್ ಸಾಧಿಸಿದರು. ಗಳಿಕೆ-ನಷ್ಟಗಳು ಹಾಗೆ ತಾಳೆಯಾಗದ ಆಟಗಳಿಗೂ, ಆಟಗಾರರು ಹಲವರಿದ್ದರೂ, ಇದು ಸಲ್ಲುವುದೆಂದು 1950ರಲ್ಲಿ ತೋರಿಸಿದವರು ಜಾನ್ ನ್ಯಾಶ್. ಅವರಿಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ಸಮತೋಲವನ್ನು ಹುಡುಕುವ ಬಗೆಯಲ್ಲಿಯೇ ಸ್ವಾರಸ್ಯವಿದೆ. ಆಟವನ್ನು ಸ್ವಲ್ಪ ಬದಲಿಸೋಣ. ‘ಸರಿ’ ಎಂದು ಹೇಳಿ ಗೆದ್ದರೆ 3 ಬೀಜ, ‘ಬೆಸ’ ಎಂದು ಹೇಳಿ ಗೆದ್ದರೆ 1 ಬೀಜ; ತಪ್ಪಿದರೆ ಹೇಳಿದವನೇ 1 ಬೀಜ ತೆರಬೇಕು. ಮೂರು ಬೀಜದ ಆಸೆಗೆ ‘ಸರಿ, ಸರಿ’ ಎಂದೇ ಕೂಗಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಮುಷ್ಟಿ ಹಿಡಿದವನೇನು ದಡ್ಡನೆ? ಎದುರಿನವನು ಏನು ಹೇಳಿದರೂ ಒಂದೇ ಗಳಿಕೆಯಾಗುವಂತೆ ಅವನು ಪಾಲು ಹಾಕಬೇಕು. ಮೂರು ಸಲದಲ್ಲಿ ಒಮ್ಮೆ ಸರಿ, ಎರಡು ಸಲ ಬೆಸ ಹಿಡಿದನೆನ್ನಿ. ಮೂರು ಸಲವೂ ‘ಸರಿ’ ಎಂದವನಿಗೆ 3 ಬಂದು 2 ಹೋಗಿ 1 ಉಳಿಯುತ್ತದೆ. ಮೂರು ಸಲವೂ ‘ಬೆಸ’ ಎಂದವನಿಗೆ 2 ಬಂದು 1 ಹೋಗಿ ಅದೇ 1. ಅಲ್ಲಿಗೆ ತಕ್ಕಡಿ ಸಮನಾಯಿತು. ಹೇಳುವವನ ಲೆಕ್ಕ ಮಾಡಿದರೂ ‘ಸರಿ’ಯೆನ್ನಬೇಕಾದದ್ದು ಮೂರರಲ್ಲಿ ಒಂದೇ ಸಲ! ಬಹುಮಾನವನ್ನು 5 ಬೀಜಕ್ಕೆ ಏರಿಸಿದರೆ ಅದು ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ತನ್ನ ಪಾಲು ಎಷ್ಟೆಂಬುದನ್ನು ಎದುರಾಳಿಯ ಖಾತೆಪುಸ್ತಕದಲ್ಲಿ ನೋಡಿ ತಿಳಿಯಬೇಕು, ಇದೇ ಇಲ್ಲಿಯ ಕೀಲಿಕೈ.

ಲೆಕ್ಕವನ್ನೇ ಮಾಡದವರೂ ಹೀಗೆ ಆಡುವುದುಂಟು. ಪಲಾಸಿಯೋಸ್-ಹುಯೆರ್ತಾ ಎಂಬ ವಿದ್ವಾಂಸರು ಫುಟ್‌ಬಾಲಿನ 1417 ಪೆನಾಲ್ಟಿ ಒದೆತಗಳನ್ನು ಪರೀಕ್ಷಿಸಿ 2003ರಲ್ಲಿ ಲೇಖನ ಪ್ರಕಟಿಸಿದರು. ಒದೆಯುವವನು ತನಗೆ ಸಹಜವಲ್ಲದ ಬದಿಗೆ ನೂರಕ್ಕೆ ಸುಮಾರು 39 ಸಲ ಒದೆಯಬೇಕೆಂದು ಗಣಿತ ಹೇಳಿತು; ಒದೆದದ್ದು ಸುಮಾರು 40 ಸಲ.

ನಮ್ಮ ನಿತ್ಯದ ಉದಾಹರಣೆಗೆ ಬರೋಣ. ಹಿಂದೆ ಕೋಳಿವಾಡವೆನಿಸಿದ್ದ ಗುರು ತೇಗ್ ಬಹಾದುರ್ ನಗರ ಸ್ಟೇಶನ್ನಿನಿಂದ ಹಾರ್ಬರ್ ಗಾಡಿ ಹಿಡಿಯುವ ಒಬ್ಬ ಪ್ರಯಾಣಿಕ, ಎದುರಿಗೆ ಟಿಕೆಟ್ ತಪಾಸಣೆಯವರು. ಟಿಕೆಟ್ಟಿಗೆ 10 ರೂಪಾಯಿ, ಸಿಕ್ಕಿಬಿದ್ದರೆ ದರವೂ ದಂಡವೂ ಸೇರಿ 260 ಎಂದಿಟ್ಟುಕೊಳ್ಳೋಣ. ಇಪ್ಪತ್ತಾರರಲ್ಲಿ ಒಮ್ಮೆ ತಪಾಸಣೆಯಾದರೆ ಟಿಕೆಟ್ ಕೊಂಡರೂ ಕೊಳ್ಳದಿದ್ದರೂ ಅವನಿಗೆ ಖರ್ಚು ಒಂದೇ. ಇತ್ತ ಒಬ್ಬನನ್ನು ತಪಾಸಣೆ ಮಾಡಲು ರೈಲ್ವೆಗೆ 5 ರೂಪಾಯಿ ತಗಲುವುದೆಂದರೆ, ಐವತ್ತೆರಡರಲ್ಲಿ ಒಬ್ಬ ಟಿಕೆಟ್ಟಿಲ್ಲದವನಿದ್ದಾಗ ಅವರ ತಕ್ಕಡಿ ಸಮನಾಗುತ್ತದೆ. ಈಗ ತಪಾಸಣೆಯವರ ಸಂಬಳ ಏರಿ ಆ 5 ರೂಪಾಯಿ 10 ಆಯಿತೆನ್ನಿ. (ಸಂಬಳ ಏರುವುದಕ್ಕೆ ನಮ್ಮ ವಿರೋಧವೇನೂ ಇಲ್ಲ!) ತಪಾಸಣೆ ಕಡಿಮೆಯಾದೀತೆಂದು ತೋರಬಹುದು, ಸಮತೋಲದಲ್ಲಿ ಅದು ಇಪ್ಪತ್ತಾರರಲ್ಲಿ ಒಂದಾಗಿಯೇ ಉಳಿಯುತ್ತದೆ. ಏಕೆಂದರೆ ಅದನ್ನು ಗೊತ್ತುಮಾಡುವುದು ಪ್ರಯಾಣಿಕನ ಜೇಬು. ಹೆಚ್ಚುವುದು ಟಿಕೆಟ್ಟಿಲ್ಲದವರು: ಐವತ್ತೆರಡರಲ್ಲೊಬ್ಬನಿದ್ದಲ್ಲಿ ಇಪ್ಪತ್ತಾರರಲ್ಲೊಬ್ಬ. ಯಾರು ನೋಡಲಿ ಬಿಡಲಿ, ಟಿಕೆಟ್ ಕೊಂಡೇ ಗಾಡಿ ಹತ್ತುವ ಜನ ಈ ಲೆಕ್ಕಕ್ಕೆ ಸೇರಿಲ್ಲ. ಅಂಥವರೇ ಹೆಚ್ಚೆಂಬುದು ನಮ್ಮ ನಂಬಿಕೆ.

ಎರಡೆರಡು ದಾರಿಗಳಿದ್ದರೆ ಸ್ಲೇಟು-ಬಳಪ ಸಾಕು. ಒಬ್ಬೊಬ್ಬರಿಗೂ ನೂರಾರು ದಾರಿಗಳಿದ್ದರೆ? 1964ರಲ್ಲಿ ಲೆಮ್ಕೆ ಮತ್ತು ಹೌಸನ್ ಎಂಬವರು ಇಬ್ಬರ ಆಟಕ್ಕೆ ಹೆಜ್ಜೆಹೆಜ್ಜೆಯಾಗಿ ಸಮತೋಲವನ್ನು ಮುಟ್ಟುವ ಕ್ರಮವೊಂದನ್ನು ಕೊಟ್ಟರು. ಕೆಲವು ಆಟಗಳಲ್ಲಿ ಆ ಹೆಜ್ಜೆಗಳು ಲೆಕ್ಕ ಮೀರಿ ಬೆಳೆಯುತ್ತವೆ. ನಾಯ್‌ಮನ್ನರ ಬಗೆಯ ಆಟಗಳಿಗೆ ಬೇಗನೆ ಉತ್ತರ ಕೊಡುವ ಕ್ರಮವಿದೆ. ಉಳಿದವುಗಳು ಒಂದು ಕಠಿಣ ವರ್ಗಕ್ಕೇ ಸೇರುತ್ತವೆಂದು 2006ರಲ್ಲಿ ಶೀ ಚೆನ್ ಮತ್ತು ಶ್ಯಾವೊಟೀ ಡೆಂಗ್ ತೋರಿಸಿದರು. ಅಂಥ ಎಲ್ಲ ಆಟಗಳಿಗೂ ಸಲ್ಲುವ ಶೀಘ್ರ ಕ್ರಮವನ್ನು, ಇಷ್ಟೆಲ್ಲ ಕಂಪ್ಯೂಟರುಗಳಿದ್ದರೂ, ಇಂದಿನವರೆಗೆ ಯಾರೂ ಕಂಡುಹಿಡಿದಿಲ್ಲ.